ಮೊದಲ ಹೋಳಿಗೆ ಮತ್ತು ಆಕಾಶದ ಬೂದಿ

ವಿಜ್ಞಾನದ ಮಾಸ್ತರನಿಗೆ ವಿವರಿಸುವ ಚಟ ಹತ್ತಿದರೆ ಬಿಡಿಸುವ ಔಷಧಿ ಇಲ್ಲ. ಜೇವರ್ಗಿ ಕಾಲೋನಿಯ ನಮ್ಮ ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆದರೆ ಸಾಕು, ನಾನು ಹಬೆಯ ಒತ್ತಡದ ಬಗ್ಗೆ ಮಾತು ತೆಗೆಯುತ್ತೇನೆ. ಹೆಂಡತಿ ಮಿಕ್ಸರ್ ಚಾಲೂ ಮಾಡುತ್ತಾಳೆ. ಹಾಗಾಗಿ ಯಾವುದೋ ದೇಶದ ಜ್ವಾಲಾಮುಖಿ ಉಗುಳಿದ ಬೂದಿ ಇತ್ತ ತೇಲಿ ಬಂದು ದೆಹಲಿ ಕಡೆಯ ಕೆಲವು ವಿಮಾನಗಳು ನಿಂತಾಗ ನನಗೆ ಒಳಗೊಳಗೇ ಹುರುಪು ಬಂದದ್ದು ಸುಳ್ಳಲ್ಲ.

ಸಂಕಟವೂ ಇತ್ತೆನ್ನಿ. ದೆಹಲಿಯಲ್ಲಿರುವ ಮಗಳು ತುಂಬು ಬಸುರಿ. ಹೆಂಡತಿ ಆಗಲೇ ಅಲ್ಲಿಗೆ ಹೋಗಿದ್ದಳು. ಆದರೆ ಹೆರಿಗೆಯ ಹೊತ್ತಿಗೆ ಅಜ್ಜಿಯೂ ಬೇಕೆಂದು ಮಗಳ ಹಟ. ಅಜ್ಜಿ ಎಂದರೆ ಕಮಲಾಪುರದ ನಮ್ಮ ಅತ್ತೆ. ಮೊಣಕಾಲು ನೋವಿನಿಂದ ರೈಲಿನಲ್ಲಿ ಅಷ್ಟು ದೂರ ಕೂರಲಾರರು. ಹೈದರಾಬಾದಿನಿಂದ ವಿಮಾನಕ್ಕೆ ಅವರ ಟಿಕೆಟ್ ತೆಗೆಸಿದ್ದೆ. ಬೂದಿ ಸರಿದು ವಿಮಾನಗಳು ಮತ್ತೆ ಹಾರತೊಡಗಿದರೂ ಅತ್ತೆ ಅಂಜಿ ಒಲ್ಲೆನೆಂದರು. ಒಪ್ಪಿಸಲೆಂದು ನಾನು ಕಮಲಾಪುರದ ಬಸ್ಸು ಹತ್ತಿದೆ.

ಅಳಿಯ ಬಂದನೆಂದು ಅತ್ತೆ ಹೋಳಿಗೆಗೆ ಒಲೆಯ ಮೇಲೆ ಹಂಚು ಇಟ್ಟರು. ನಾನು ಪಾಠಕ್ಕೆ ಕೂತೆ. ಇದು ಒಲೆಯ ಬೂದಿಯಲ್ಲ, ಕಲ್ಲು-ಗಾಜಿನ ಪುಡಿ; ಇಂಜಿನ್ನಿನೊಳಗೆ ಕರಗಿ ಮೆತ್ತಿಕೊಳ್ಳುತ್ತದೆ. ಅದಕ್ಕೇ ಹೊರದೇಶಗಳಲ್ಲಿ ಒಂದು ಸಂಶೋಧನಾ ವಿಮಾನವನ್ನು ಕಳಿಸುತ್ತಾರೆ. ಬೂದಿ ತೆಳುವಾಗಿರುವ ಅಂಚಿನಲ್ಲಿ ಅದು ಹಾರುತ್ತದೆ. ರೆಕ್ಕೆಯ ಕೆಳಗಿನ ಯಂತ್ರ ಕಣ ಎಣಿಸುತ್ತದೆ. ಮೇಲಿನಿಂದ ಲೇಸರ್ ಬಿಟ್ಟು ಬೂದಿ ಎಷ್ಟು ದಟ್ಟವೆಂದು ಅಳೆಯುತ್ತಾರೆ. ಎಲ್ಲಿ ಎಷ್ಟಿದೆ ಎಂದು ತಿಳಿದರೆ ಮಂದಿ ಕೂತ ವಿಮಾನವನ್ನು ಧೈರ್ಯವಾಗಿ ಬಿಡಬಹುದು.

"ಅಂದ್ರ ಮೊದಲ ಒಬ್ಬರನ್ನ ಕಳಿಸಿ, ಏನಾಗ್ತದ ನೋಡಿ, ಆಮ್ಯಾಲ ಉಳಿದವರನ್ನ ಕಳಸ್ತಾರ. ಹೌದಿಲ್ರಿ?" ಎಂದರು ಅತ್ತೆ.

"ಹೌದ್ರಿ ಅತ್ತಿ. ಭಾಳ ಶಾಣ್ಯಾತನದ ಕೆಲಸ."

"ಇದರಾಗ ಶಾಣ್ಯಾತನ ಏನದರಿ? ನಾವು ಮೊದಲಿಂದ ಮಾಡ್ತೀವಲ್ಲ. ಹಂಚಿನ ಮ್ಯಾಲಿನ ಮೊದಲ್ನೇ ಹೋಳಿಗಿ ನಿಮಗೇ ಹಾಕ್ತೀವಿ. ನಿಮ್ಮ ಮಾರಿ ನೋಡಿದ್ರ ಬೆಲ್ಲ ಕಮ್ಮಿ ಆಗ್ಯಾದೇನು, ಕಣಕ ಹಸಿ ಅದೇನು, ಎಲ್ಲಾ ಗೊತ್ತಾಗ್ತದ."

ಬಾಯಿಗೆ ಹೊರಟಿದ್ದ ಮೊದಲ ಹೋಳಿಗೆಯ ತುತ್ತು ಅಲ್ಲೇ ನಿಂತಿತು. ಮದುವೆಯಾದಂದಿನಿಂದ ಆ ಮೊದಲ ಹೋಳಿಗೆಯನ್ನು ಹಿರಿಯಳಿಯನ ಮರ್ಯಾದೆ ಎಂದು ತಿಳಿದು, ಷಡ್ಡಕನ ಮುಂದೆ ಮೀಸೆ ತಿರುವಿದ್ದೇನೆ. ಎರಡನೆಯದನ್ನು ತಿನ್ನುತ್ತ ಅವನು ಯಾಕೆ ನಗುತ್ತಿದ್ದನೆಂದು ಈಗ ತಿಳಿಯಿತು.

"ವಿಮಾನದಾಗ ಬರ್ತೀನ್ರಿ. ಆದ್ರ ನೀವೂ ಬಂದು ಬಾಜೂಕ ಕೂಡ್ರಿ. ನಿಮ್ಮ ಮಾರಿ ಕೆಡಲಿಲ್ಲಂದ್ರ ನನಗೂ ಅಂಜಿಕಿಲ್ಲ" ಎಂದರು ಅತ್ತೆ.

ವಿಜ್ಞಾನದ ಮೇಲೆ ನನಗೆ ಪೂರ್ಣ ಭರವಸೆ. ವಿಮಾನ ಹತ್ತಿದ್ದು ಮಾತ್ರ ಅದೇ ಮೊದಲು. ದೆಹಲಿ ಬರುವವರೆಗೂ ಹಲ್ಲು ಕಿರಿದು ಕೂತು ದವಡೆ ನೋಯಿಸಿಕೊಂಡೆ. ಅತ್ತೆ ಒಮ್ಮೆ ನನ್ನ ಮುಖ ಪರೀಕ್ಷಿಸಿ ಹಾಯಾಗಿ ನಿದ್ದೆ ಹೋದರು.

ಹೆರಿಗೆಯ ಮುನ್ನಾದಿನವೇ ತಲುಪಿದೆವು. ಮೊಮ್ಮಗಳು ಹುಟ್ಟಿದಳು. ಬಾಣಂತಿಗೆಂದು ಅತ್ತೆ ಕುದಿಸಿದ ಕಷಾಯದ ಮೊದಲ ಬಟ್ಟಲು ನೇರ ನನ್ನ ಕೈಗೆ ಬಂತು. ಅತ್ತೆ, ಹೆಂಡತಿ, ಮಗಳು, ಮೂವರೂ ನನ್ನ ಮುಖವನ್ನೇ ನೋಡುತ್ತಿದ್ದರು.