ಅಣ್ಣನ ಕೋಣೆಗೆ ಸಿಗ್ನಲ್

ಮನೆ ದೊಡ್ಡದಿರಬೇಕೆಂದು ಹಂಬಲಿಸುವವರನ್ನು ಕಂಡರೆ ನನಗೆ ಈಗೀಗ ಪಾಪ ಅನ್ನಿಸುತ್ತದೆ. ಗುಡಿಸಿ ಒರೆಸುವ ಕಷ್ಟ ನೆನೆದು ಅಲ್ಲ. ನಮ್ಮಲ್ಲಿ ಆ ಕಷ್ಟ ನನ್ನದಲ್ಲ. ದೊಡ್ಡ ಮನೆಯಲ್ಲಿ ವೈಫೈ ನಡೆಯುವುದಿಲ್ಲ, ಅಷ್ಟೇ ವಿಷಯ. ಕಟಪಾಡಿಯ ನಮ್ಮ ಮನೆಯನ್ನು ಯಾರೂ ಒಮ್ಮೆಗೇ ಕಟ್ಟಿದ್ದಲ್ಲ. ನಡುವೆ ದೈವದ ಕೋಣೆ, ಅದರ ಹಿಂದೆ ಅಣ್ಣನ ಮದುವೆಗೆಂದು ಎಳೆದ ಭಾಗ, ಮುಂದೆ ನನ್ನ ಮದುವೆಗೆಂದು ಎಳೆದ ಚಾವಡಿ. ಎಲ್ಲಕ್ಕೂ ಕೆಂಪುಕಲ್ಲಿನ ಗೋಡೆ. ಒಬ್ಬರ ಸಂಸಾರದ ಜಗಳ ಇನ್ನೊಬ್ಬರಿಗೆ ಕೇಳಬಾರದು ಎಂಬ ದೂರದೃಷ್ಟಿಯಿಂದಲೋ ಏನೋ, ಭಾರೀ ದಪ್ಪ. ವೈಫೈ ಪೆಟ್ಟಿಗೆ ಇರುವುದು ಚಾವಡಿಯಲ್ಲಿ. ದೈವದ ಕೋಣೆ ದಾಟುವಷ್ಟರಲ್ಲಿ ಅದರ ಉಸಿರು ನಿಂತುಹೋಗುತ್ತದೆ.

ಅಣ್ಣನಿಗೆ ವೈಫೈಯ ಅಗತ್ಯ ಯಾವತ್ತೂ ಬಿದ್ದಿರಲಿಲ್ಲ. ಸಂಜೀವಣ್ಣ ಉಡುಪಿಯಿಂದ ಕಾರ್ಕಳಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಮಣಿಪಾಲ, ಪರ್ಕಳ, ಹಿರಿಯಡ್ಕ ಎಂದು ಒಂದೇ ಉಸಿರಿಗೆ ಕೂಗಿದರೆ ಇನ್ನೊಂದು ಬಸ್ಸು ಹತ್ತಿದ್ದವರೂ ಇಳಿದು ಬರುತ್ತಿದ್ದರಂತೆ. ಇದು ಅವನೇ ಹೇಳಿದ್ದು, ಆದರೆ ನಾನು ನಂಬುತ್ತೇನೆ. ಕಳೆದ ಮಳೆಗಾಲದ ಕೊನೆಗೆ ಅವನಿಗೆ ಸ್ಟ್ರೋಕ್ ಆಯಿತು. ಕೈಕಾಲು ಮುಕ್ಕಾಲು ಸುಧಾರಿಸಿತು, ಮಾತು ಸುಧಾರಿಸಲಿಲ್ಲ. ಹೇಳಿದ್ದೆಲ್ಲ ತಿಳಿಯುತ್ತದೆ, ಹೆಸರುಗಳು ಮಾತ್ರ ಬಾಯಿಗೆ ಬರುವುದಿಲ್ಲ. ಚೆಂಬಿನ ಕಡೆ ಕೈ ಮಾಡಿ, ನಾಲಿಗೆ ಹೊರಳಿಸಿ ಹೊರಳಿಸಿ ಸೋತು, ಅತ್ತಿಗೆಯ ಮುಖ ನೋಡುತ್ತಾನೆ. ಅವನ ಕಣ್ಣು ತುಂಬುವುದನ್ನು ನೋಡಲು ನನ್ನಿಂದ ಆಗುವುದಿಲ್ಲ. ನೀರಲ್ವಾ ಅಣ್ಣ, ಎಂದು ನಾನೇ ಹೇಳಿ ತಂದುಕೊಡುತ್ತೇನೆ.

ಮಾತು ಕಲಿಸಲು ಮಣಿಪಾಲದ ಒಬ್ಬ ಮೇಡಂ ಸಿಕ್ಕಿದರು. ಪ್ರಯಾಣದಿಂದ ಅಣ್ಣ ತೀರಾ ಬಳಲುತ್ತಾನೆಂದು ವೀಡಿಯೊ ಕಾಲಿನಲ್ಲೇ ಕಲಿಸಲು ಒಪ್ಪಿದರು. “ಈ ತಿಂಗಳುಗಳನ್ನು ಬಿಡಬಾರದು, ಆಮೇಲೆ ಕಷ್ಟ ಉಂಟು” ಎಂದೂ ಹೇಳಿದರು. ಚಾವಡಿಗೆ ಬಂದು ಕೂರಲು ಅಣ್ಣ ಒಪ್ಪಲಿಲ್ಲ. ಬಂದುಹೋಗುವವರೆಲ್ಲ ಅವನ ಬಸ್ಸಿನಲ್ಲಿ ಓಡಾಡಿದವರು. ಅವರೆದುರು ತೊದಲುವುದಕ್ಕೆ ಅವನಿಗೆ ನಾಚಿಕೆ. ಹಾಗಾಗಿ ಪಾಠ ಹಿಂದಿನ ಕೋಣೆಯಲ್ಲಿ. ಬಾಯಿ ಹೇಗೆ ತೆರೆಯಬೇಕು, ತುಟಿ ಹೇಗೆ ಕೂಡಿಸಬೇಕು ಎಂದು ಮೇಡಂ ತೋರಿಸುವರು. ನಡುವೆ ಸಿಗ್ನಲ್ ಹೋದರೆ ಅವರ ಬಾಯಿ ತೆರೆದಲ್ಲೇ ನಿಲ್ಲುವುದು. ಅದೂ ಪಾಠವೇ ಎಂದುಕೊಂಡು ಅಣ್ಣನೂ ಬಾಯಿ ತೆರೆದು ಕಾಯುತ್ತ ಕೂರುವನು. ಮೊದಲ ಸಲ ನನಗೆ ನಗು ಬಂತು. ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ.

ದೊಡ್ಡ ಮನೆಗೆ ಮೆಶ್ ವೈಫೈ ಹಾಕಬೇಕೆಂದು ಎಲ್ಲರೂ ಹೇಳಿದರು. ಸಹಕಾರಿ ಸಂಘದಲ್ಲಿ ಗುಮಾಸ್ತನಾಗಿದ್ದ ನಾನು ಯಾವುದನ್ನೂ ಪರಿಶೀಲಿಸದೆ ಮುಂದಕ್ಕೆ ಕಳಿಸಿದವನಲ್ಲ. ಎರಡು ಪೆಟ್ಟಿಗೆಯದೋ ಮೂರರದೋ, ಆಂಟೆನಾ ಒಳಗಿರುವುದೋ ಹೊರಗಿರುವುದೋ ಎಂದು ವೀಡಿಯೊ ನೋಡಿ ನೋಡಿ ತಲೆ ಕೆಟ್ಟು, ಕೊನೆಗೆ ಉಡುಪಿಯ ಅಂಗಡಿಗೆ ಹೋದೆ. “ಇದು ಒಂದೇ ಪೆಟ್ಟಿಗೆ ಅಲ್ಲ ಸರ್, ಒಂದರಿಂದ ಇನ್ನೊಂದಕ್ಕೆ...” ಎಂದು ಅಂಗಡಿಯವರು ಶುರು ಮಾಡಿದರು. “ಮಾತು ದಾಟಿಸುವುದು, ಗೊತ್ತುಂಟು” ಎಂದೆ. ಅವರು ಇನ್ನೂ ಏನೋ ಹೇಳಲಿಕ್ಕಿದ್ದರು. ನಾನು ಬಿಡಲಿಲ್ಲ, ಮೂರು ಪೆಟ್ಟಿಗೆಯದನ್ನು ಕಟ್ಟಿಸಿಕೊಂಡು ಬಂದೆ.

ಒಂದನ್ನು ಚಾವಡಿಯಲ್ಲಿಟ್ಟೆ, ಉಳಿದೆರಡನ್ನೂ ಅಣ್ಣನ ತಲೆಯ ಹತ್ತಿರವೇ ಇಟ್ಟೆ. ಫೋನಿನಲ್ಲಿ ಸಿಗ್ನಲ್ ತುಂಬಿ ತುಳುಕುತ್ತಿತ್ತು, ಮೇಡಂ ಮಾತ್ರ ಬರಲಿಲ್ಲ. ಅಂಗಡಿಗೆ ಫೋನ್ ಮಾಡಿದೆ. “ಅಲ್ಲ ಸರ್, ಗೋಡೆಯ ಆಚೆ ಇಟ್ರೆ ಅದಕ್ಕೇ ಎಂತದೂ ಕೇಳುವುದಿಲ್ಲ. ಮತ್ತೆ ಅದು ನಿಮಗೆ ಎಂತ ಹೇಳುವುದು? ನಡುವಿನ ಕೋಣೆಯಲ್ಲಿ ಒಂದು ಇಡಿ” ಎಂದರು.

ನಡುವಿನ ಕೋಣೆ ದೈವದ್ದು. ಅಲ್ಲಿ ದೈವದ ಮಂಚ, ದೀಪ, ಸಂಕ್ರಾಂತಿಗೆ ಇಡುವ ಹೂವು, ಇಷ್ಟು ಬಿಟ್ಟು ಇನ್ನೊಂದು ವಸ್ತು ಇಟ್ಟವರಿಲ್ಲ. ಅಲ್ಲಿಗೆ ವಯರು ಎಳೆದು ಪೆಟ್ಟಿಗೆ ಇಟ್ಟರೆ, ಆಮೇಲೆ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಹೊಣೆ ನನ್ನದೇ ಆಗುವುದು. ಪೆಟ್ಟಿಗೆ ಹಿಡಿದುಕೊಂಡು ಹೊಸ್ತಿಲಲ್ಲಿ ನಿಂತೇ ಇದ್ದೆ. ಅತ್ತಿಗೆ ಬಂದು ನೋಡಿದರು. ತಲೆಗೆ ಸೆರಗು ಹಾಕಿ, ದೈವಕ್ಕೆ ಕೈ ಮುಗಿದು, ಪೆಟ್ಟಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡರು. “ಇವರ ಮಾತು ವಾಪಸ್ ಕೊಡು ಅಂತ ದಿನಾ ಇಲ್ಲೇ ಅಲ್ವಾ ದಿವಾಕರ ನಾನು ಕೇಳುವುದು?” ಎಂದು ಮಂಚದಿಂದ ತುಸು ದೂರದ ಮೂಲೆಯಲ್ಲಿ ಇಟ್ಟರು.

ಮರುದಿನ ಮೇಡಂ ಒಂದು ಚೂರೂ ನಿಲ್ಲದೆ ಬಂದರು. ನಾನು ಹೆಮ್ಮೆಯಿಂದ ಅಣ್ಣನ ಪಕ್ಕದಲ್ಲೇ ಕುಳಿತೆ. ಅವರು ಚಿತ್ರ ತೋರಿಸಿದರು. ಅಣ್ಣನ ತುಟಿ ಅಲ್ಲಾಡಿತು. “ಕೊಡೆ” ಎಂದೆ ನಾನು. “ದಿವಾಕರ ಸರ್, ನಾನು ಸಂಜೀವಣ್ಣನಿಗೆ ಕೇಳಿದ್ದು” ಎಂದು ಅವರು ನಕ್ಕರು. ಇನ್ನೊಂದು ಚಿತ್ರ ಬಂತು, ಮೀನಿನದು. “ಬಂಗುಡೆ” ಎಂದು ಬಾಯಿಂದ ಜಾರಿತು, ನನ್ನ ಬಾಯಿಂದ. ಅಣ್ಣ ನನ್ನ ಕಡೆ ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಒಳ್ಳೆಯದಿತ್ತು. ಸುಮ್ಮನೆ ಬಾಯಿ ಮುಚ್ಚಿಕೊಂಡ.

“ಸರ್, ನೀವು ಸ್ವಲ್ಪ ಹೊರಗೆ ಕೂತುಕೊಳ್ತೀರಾ?” ಎಂದರು ಮೇಡಂ.

“ಹೋಗು ದಿವಾಕರ” ಎಂದರು ಅತ್ತಿಗೆ, ಮೆಲ್ಲಗೆ. “ನೀನಿದ್ರೆ ಇವರಿಗೆ ಮಾತು ಬೇಕಾಗುವುದೇ ಇಲ್ಲ.”

ದೈವದ ಕೋಣೆಗೆ ಬಂದು ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕುಳಿತೆ. ಇಷ್ಟೆಲ್ಲ ಒದ್ದಾಡಿ ಸಿಗ್ನಲ್ ತಂದವನಿಗೆ ಆ ಮನೆಯಲ್ಲಿ ಬೇರೆ ಕೆಲಸವೇ ಉಳಿದಿರಲಿಲ್ಲ. ಬಾಗಿಲು ಅರ್ಧ ತೆರೆದಿತ್ತು. “ಈಗ ಹೊರಗೆ ಹೋದರಲ್ಲ, ನಿಮ್ಮ ತಮ್ಮ, ಅವರ ಹೆಸರು ಎಂತ?” ಎಂದು ಮೇಡಂ ಕೇಳಿದ್ದು ಸ್ಪಷ್ಟವಾಗಿ ಕೇಳಿಸಿತು. ಅಣ್ಣನಿಂದ ಸದ್ದಿಲ್ಲ. ಸಂಪರ್ಕ ಕಡಿಯಿತೇ ಎಂದು ಪೆಟ್ಟಿಗೆಯ ಕಡೆ ನೋಡಿದೆ. ಅದರ ಪುಟ್ಟ ದೀಪ ನೆಟ್ಟಗೆ ಉರಿಯುತ್ತಿತ್ತು. ಅದರ ಕಡೆಯಿಂದ ತಪ್ಪೇನೂ ಇರಲಿಲ್ಲ.

“ದಿ...” ಎಂದು ಮೇಡಂ ಎತ್ತಿಕೊಟ್ಟರು.

“ದಿ...” ಎಂದ ಅಣ್ಣ. ಮತ್ತೆ “ದಿ...” ಎಂದ. ಮತ್ತೆ ನಿಂತ.

ಉಳಿದ ಮೂರು ಅಕ್ಷರ ನನ್ನ ಬಾಯಲ್ಲಿದ್ದವು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಅವನು ಹೇಳಲಿ ಎಂದು ಕುಳಿತೆ.