ಹೆಸರು ಹಾಕಿಸಿದ ಹಾರ್ಡ್ ಡಿಸ್ಕ್

ಇಷ್ಟಕ್ಕೆಲ್ಲ ಕಾರಣ ಒಂದು ಗುಲಾಬಿ ಹೂವು.

ರಾಮನಗರದ ಐಜೂರಿನ ಬಾಲರಾಜುವಿನ ತಂಗಿ ನವ್ಯಶ್ರೀಯ ಮದುವೆ ಸಿ.ಡಿ. ಸ್ಟುಡಿಯೋದಿಂದ ಬಂದಿತ್ತು. ಅವ್ವ ಬೈರಮ್ಮ ಕೈಕೆಲಸ ಬಿಟ್ಟು ಕಂಪ್ಯೂಟರಿನ ಮುಂದೆ ಚಾಪೆ ಹಾಕಿಕೊಂಡು ಕೂತಳು. ಗಟ್ಟಿಮೇಳ ಮೊಳಗಿತು, ಗಂಡು ತಾಳಿ ಎತ್ತಿದ, ಅಷ್ಟರಲ್ಲಿ ಪರದೆ ತುಂಬ ಒಂದು ಕೆಂಪು ಗುಲಾಬಿ ಅರಳಿತು. ಅದರೊಳಗೆ ಗಂಡೂ ಹೆಣ್ಣೂ ಗಿರಗಿರ ತಿರುಗಿದರು. ಎರಡು ಹಂಸ ಈಜಿಕೊಂಡು ಹೋದವು. ಹೂವು ಮುದುಡುವ ಹೊತ್ತಿಗೆ ತಾಳಿ ಕಟ್ಟಿ ಮುಗಿದು ಎಲ್ಲರೂ ಅಕ್ಷತೆ ಕೊಡವಿಕೊಳ್ಳುತ್ತಿದ್ದರು.

"ತಾಳಿ ಎಲ್ಲಿ ಕಟ್ದ್ನೋ?" ಅಂದಳು ಬೈರಮ್ಮ.

"ಹೂವಿನ ಹಿಂದ್ಗಡೆ ಕಟ್ದ ಕಣವ್ವ" ಅಂದ ಬಾಲರಾಜು.

ಬೈರಮ್ಮನ ಕಣ್ಣು ತುಂಬಿ ಬಂತು. ಯಾಕೆಂದರೆ ಮದುವೆಯ ದಿನವೂ ಅವಳು ತಾಳಿ ಕಟ್ಟುವುದನ್ನು ನೋಡಿರಲಿಲ್ಲ. ಛತ್ರದ ಉಗ್ರಾಣದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಲ್ಲೇ ಕೂತಿದ್ದಳು. ಗಟ್ಟಿಮೇಳ ಕೇಳಿ ಎದ್ದಳು, ನಿಜ. ಆದರೆ ಅದೇ ಹೊತ್ತಿಗೆ ಅಡುಗೆಯವನೊಬ್ಬ ಗೋಡಂಬಿ ಕೇಳಿಕೊಂಡು ಬಂದ. ಎಲ್ಲರೂ ಮಂಟಪದ ಕಡೆ ನೋಡುವಾಗ ಇವನಿಗೆ ಯಾಕೆ ಗೋಡಂಬಿ ಅಂತ ಅನುಮಾನ ಬಂದು ಮತ್ತೆ ಕೂತುಬಿಟ್ಟಳು. ಗೋಡಂಬಿ ಉಳಿಯಿತು, ಮಗಳ ಮುಹೂರ್ತ ತಪ್ಪಿತು. ಆ ಸಂಕಟ ಅವಳನ್ನು ಇವತ್ತಿಗೂ ಬಿಟ್ಟಿಲ್ಲ.

ಮಗನಿಗೆ ಬಂದದ್ದು ಬೇರೆ ಅನುಮಾನ. ಬಾಲರಾಜು ಬಿಡದಿ ಕಡೆಯ ಒಂದು ಫ್ಯಾಕ್ಟರಿಯ ಸ್ಟೋರ್ಸಿನಲ್ಲಿದ್ದ. ಒಂದು ಬೋಲ್ಟು ಕೊಡಬೇಕಾದರೂ ಕೇಳಿದವನ ಮುಖ, ಕೈ, ಜೇಬು ಮೂರನ್ನೂ ನೋಡಿ ಕೊಡುವ ಆಸಾಮಿ. ಸ್ಟುಡಿಯೋದವನು ಏನನ್ನೋ ಮುಚ್ಚಿಡುವುದಕ್ಕೇ ಹೂವು ಅಂಟಿಸಿದ್ದಾನೆ ಅಂತ ತೀರ್ಮಾನ ಮಾಡಿ, ತನ್ನ ವಾರದ ರಜೆಯ ದಿನ ಬೆಳಿಗ್ಗೆಯೇ ಸ್ಟುಡಿಯೋಗೆ ಹೋಗಿ ನಿಂತ.

ಸ್ಟುಡಿಯೋದ ದೇವರಾಜು ನಕ್ಕ. "ಅದು ಡಿಸೈನು ಬಾಲಣ್ಣ. ಹೂವಿಲ್ದೆ ಇದ್ರೆ ಜನ ದುಡ್ಡೇ ಕೊಡಾಕಿಲ್ಲ. ಹೂವಿಲ್ದಿರೋ ಪೂರ್ತಿ ವಿಡಿಯೋ ನನ್ನ ಕಂಪ್ಯೂಟರ್‌ನಾಗೆ ಐತೆ. ಆದ್ರೆ ಜಾಗ ಇಲ್ಲ, ಸಂಜೆ ಕನಕಪುರದ ಮದ್ವೆಗೆ ಹೊರಡೋಕ್ ಮುಂಚೆ ಅಳಿಸ್ಲೇಬೇಕು. ಕ್ಯಾಮ್ರಾ ಟೇಪಿನ ಮ್ಯಾಲೆ ಆಗ್ಲೇ ಬೇರೆ ಮದ್ವೆ ತುಂಬೋಗೈತೆ. ನಿಮ್ಮ ಸಿ.ಪಿ.ಯು. ಡಬ್ಬ ಹೊತ್ಕೊಂಡು ಬಂದ್ಬುಡಿ, ಹಂಗೇ ಹಾಕ್ಕೊಡ್ತೀನಿ."

ಬಾಲರಾಜುವಿನ ಕಂಪ್ಯೂಟರಿನಲ್ಲೂ ಜಾಗವಿರಲಿಲ್ಲ. ಏನನ್ನೂ ಅಳಿಸದ ಮನುಷ್ಯ ಅವನು. ಬಸ್‌ಸ್ಟ್ಯಾಂಡಿನ ಹತ್ತಿರ ಪುನೀತನ ಕಂಪ್ಯೂಟರ್ ಅಂಗಡಿಗೆ ಹೋಗಿ ಎರಡನೇ ಹಾರ್ಡ್ ಡಿಸ್ಕ್ ಕೊಂಡ. "ಡಬ್ಬ ತಗೊಂಡ್ಬನ್ನಿ, ಕೂರಿಸ್ಕೊಡ್ತೀನಿ" ಅಂದ ಪುನೀತ್. ಡಬ್ಬ ಬಿಚ್ಚಿದರೆ ಒಳಗಿನ ಒಳ್ಳೇ ಸಾಮಾನು ತೆಗೆದುಕೊಳ್ಳುತ್ತಾನೆ ಅನ್ನಿಸಿ, ಬಾಲರಾಜು ಯಾವುದಕ್ಕೆ ಯಾವ ವೈರು ಅಂತ ಬಾಯಲ್ಲೇ ಕೇಳಿ ತಿಳಿದುಕೊಂಡು ಮನೆಗೆ ಬಂದ.

ಪಕ್ಕದ ಮನೆಯ ಮುನಿಶಾಮಯ್ಯ ಆಗಲೇ ಜಗುಲಿಯ ಮೇಲೆ ಹಾಜರಿದ್ದರು. ರಿಟೈರಾದ ಮೇಲೆ ಬೀದಿಯ ಎಲ್ಲ ಮನೆಗಳ ವಿಚಾರಣೆ ಅವರದೇ. ಡಿಸ್ಕನ್ನು ಕೈಯಲ್ಲಿ ತೂಗಿ ನೋಡಿ, "ಒಳ್ಳೇ ಮಾಲು. ಆದ್ರೆ ಒಂದ್ ಮಾತ್ ಯೋಳ್ತೀನಿ ಕೇಳ್ಲಾ ಬಾಲರಾಜ. ಡಬ್ಬಾನ ಸ್ಟುಡಿಯೋದಾಗೆ ಬುಟ್ಟು ನೀನು ಕಾಪಿ ಕುಡಿಯಾಕ್ ಹೋದೆ ಅಂತ ಇಟ್ಕೊ. ಇದನ್ನ ತಗ್ದು ಅವನ ಹಳೇದನ್ನ ತುರುಕುದ್ರೆ ನಿಂಗೆ ಗೊತ್ತಾದದಾ? ನನ್ನ ಮಿಕ್ಸಿ ಮೋಟ್ರು ಚನ್ನಪಟ್ಟಣದಾಗೆ ಹಂಗೇ ಹೋಗಿದ್ದು ಕಣ್ಲಾ" ಅಂದರು.

ಬಾಲರಾಜು ಡಿಸ್ಕನ್ನು ಅವರ ಕೈಯಿಂದ ಕಿತ್ತುಕೊಂಡ. ಒಳಗಿನಿಂದ ಬೈರಮ್ಮ ಕೂಗಿ ಹೇಳಿದಳು: "ಅದಕ್ಯಾಕಪ್ಪಾ ಅಷ್ಟೊಂದ್ ಯೋಚ್ನೆ? ಹೆಸ್ರು ಹಾಕ್ಸು! ನಮ್ಮನೆ ಚೊಂಬು, ತಟ್ಟೆ, ಸೌಟು ಎಲ್ಲಿಗಾರಾ ಹೋಗವಾ? ಹೆಸ್ರು ಇದ್ರೆ ಎಲ್ಲಿಗೋದ್ರೂ ವಾಪಸ್ ಬತ್ತದೆ."

ಎಂಥಾ ಬುದ್ಧಿ ನೋಡಿ! ಬಾಲರಾಜು ಓಡಿದ್ದು ಪಾತ್ರೆ ಅಂಗಡಿಗೆ. ಅಲ್ಲಿ ಬಾಗಿಲ ಪಕ್ಕದಲ್ಲಿ ಕೂತು ಪಾತ್ರೆಗಳಿಗೆ ಹೆಸರು ಕೆತ್ತುತ್ತಿದ್ದ ಸನಾವುಲ್ಲಾ ಡಿಸ್ಕನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಏನಣ್ಣಾ ಇದು, ಟಿಫನ್ ಡಬ್ಬಿನಾ? ಮುಚ್ಚಳ ಎಲ್ಲಿಂದ ತೆಗೀತಾರೆ?"

"ತೆಗ್ಯಂಗಿಲ್ಲ ಸಾಬ್ರೇ. ಒಸಿ ಆಳವಾಗೇ ಕೆತ್ತಿ. ಉಜ್ಜಿದ್ರೂ ಹೋಗ್ಬಾರ್ದು."

ಸನಾವುಲ್ಲಾ ಡಿಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಮಿಷನ್ ಹಚ್ಚಿದರು. ಟರ್ರ್ರ್ ಅಂತ ಸೂಜಿ ಕುಣಿಯಿತು. ಡಿಸ್ಕ್ ಜ್ವರ ಬಂದವರ ಹಾಗೆ ನಡುಗಿತು. 'ಬೈರಮ್ಮನ ಮಗ ಬಾಲರಾಜು, ಐಜೂರು' ಅಂತ ಕೆತ್ತಿ ಮುಗಿಸಿ, ಮದುವೆ ಪಾತ್ರೆಗೆ ಹಾಕುವಂತೆ ಕೊನೆಗೊಂದು ತಾವರೆಯನ್ನೂ ಬಿಡಿಸಿಕೊಟ್ಟರು. ಬಾಲರಾಜುವಿಗೆ ಬಲು ಖುಷಿಯಾಯಿತು.

ಮನೆಯಲ್ಲಿ ಕೂರಿಸುವ ಕೆಲಸ ಶುರುವಾಯಿತು. ಬೀದಿಯವರ ಕಣ್ಣು ಬೀಳದ ಹಾಗೆ ಬೈರಮ್ಮ ಕಿಟಕಿ ಮುಚ್ಚಿದಳು. ಮುನಿಶಾಮಯ್ಯ ಟಾರ್ಚ್ ಹಿಡಿದರು. ಬಾಲರಾಜು ಪುನೀತ್ ಹೇಳಿದ್ದಂತೆ ಡಿಸ್ಕಿನ ಬೆನ್ನಿನ ಪಿನ್ನುಗಳ ಮೇಲಿದ್ದ, ರಾಗಿ ಕಾಳಿಗಿಂತ ಒಸಿ ದೊಡ್ಡ ಕಪ್ಪು ಟೋಪಿಯನ್ನು ಕಿತ್ತು ಪಕ್ಕದ ಪಿನ್ನಿಗೆ ಸಿಕ್ಕಿಸಿ, ಪಟ್ಟಿಯಂಥ ಕೇಬಲ್ ಚುಚ್ಚಿ, ಸ್ಕ್ರೂ ಬಿಗಿದು ಸ್ವಿಚ್ ಹಾಕಿದ. ಹೊಸ ಡಿಸ್ಕ್ ಪರದೆಯ ಮೇಲೆ ಕಂಡಿತು. ಒಳಗಿನಿಂದ ಕಟಕ್ ಅಂತ ಸದ್ದು ಬಂತು. ಡಿಸ್ಕ್ ಮಾಯವಾಯಿತು. ಆರಿಸಿ ಹಾಕಿದರೆ ಮತ್ತೆ ಕಂಡಿತು, ಮತ್ತೆ ಕಟಕ್.

"ಆ ಪುನೀತ ಹಳೇ ಮಾಲು ಕೊಟ್ಟವ್ನೆ ಕಣ್ಲಾ!" ಅಂದರು ಮುನಿಶಾಮಯ್ಯ. ಟರ್ರ್ ಅನ್ನುವ ಮಿಷನ್ನಿನ ನೆನಪು ಬಾಲರಾಜುವಿನ ತಲೆಯೊಳಗೆ ಒಮ್ಮೆ ಸುಳಿದು ಹೋಯಿತು. ಆದರೆ ತನ್ನ ಮೇಲೆ ಅನುಮಾನಪಟ್ಟು ಅವನಿಗೆ ಅಭ್ಯಾಸವಿರಲಿಲ್ಲ.

ಮುನಿಶಾಮಯ್ಯ ಕನ್ನಡಕ ಏರಿಸಿ ಬಿಲ್ಲಿನ ಬೆನ್ನು ಓದಿದರು. ಗೀರು ಬಿದ್ದ ಮಾಲು ವಾಪಸ್ ಇಲ್ಲ ಅಂತಿತ್ತು. ಇಲ್ಲಿ ನೋಡಿದರೆ ಗೀರಲ್ಲ, ವಿಳಾಸವೇ ಬಿದ್ದಿದೆ, ಜೊತೆಗೆ ತಾವರೆ ಬೇರೆ! ಬಾಲರಾಜು ಡಿಸ್ಕನ್ನು ಬಿಚ್ಚಿ ಕೈಗೆ ತೆಗೆದುಕೊಂಡ. ಅವ್ವ ಒಲೆಯ ಹತ್ತಿರ ಹೋದದ್ದನ್ನು ನೋಡಿಕೊಂಡು, ನವ್ಯಶ್ರೀಯ ಮದುವೆಗೆ ಉಡುಗೊರೆ ಬಂದಿದ್ದ ಹೊಸ ತಟ್ಟೆಯೊಂದರಿಂದ ಕಂಪನಿಯ ಬೆಳ್ಳಿ ಬಣ್ಣದ ಸ್ಟಿಕ್ಕರನ್ನು ಮೆಲ್ಲಗೆ ಎಬ್ಬಿಸಿ ತನ್ನ ಹೆಸರಿನ ಮೇಲೆ ಅಂಟಿಸಿದ. ಹುಟ್ಟಿದಾಗಿನಿಂದ ಅಲ್ಲೇ ಇತ್ತೇನೋ ಅನ್ನುವ ಹಾಗೆ ಕೂತಿತು.

ಪುನೀತನ ಅಂಗಡಿಯಲ್ಲಿ ಜನವಿದ್ದರು. ಅವನು ಡಿಸ್ಕನ್ನು ಒಂದು ಗಳಿಗೆ ಹಾಕಿ ನೋಡಿದ. ಹಾಳಾದ್ದು ಆಗ ಕಟಕ್ ಅನ್ನಲೇ ಇಲ್ಲ. "ಚೆನ್ನಾಗೇ ಐತಲ್ಲಣ್ಣ? ಹೋಗ್ಲಿ ಬುಡಿ, ನಿಮ್ಗೆ ಸಮಾಧಾನ ಆಗ್ಲಿ" ಅಂತ ಬೇರೆ ಡಿಸ್ಕ್ ಕೊಟ್ಟು, ಹಳೆಯದನ್ನು ಕವರಿಗೆ ಹಾಕಿ ಹೊಸವುಗಳ ಸಾಲಿನಲ್ಲೇ ಇಟ್ಟ.

ಬಾಲರಾಜು ಬಾಯಿ ತೆರೆದ. 'ಅದನ್ನ ಯಾರ್ಗೂ ಮಾರ್ಬೇಡ' ಅನ್ನಬೇಕಿತ್ತು. ಅಂದರೆ ಕೈಲಿರುವುದೂ ಹೋಗುತ್ತಿತ್ತು. ಬಾಯಿ ಮುಚ್ಚಿಕೊಂಡು ಬಂದ. ದಾರಿಯುದ್ದಕ್ಕೂ ಅವನನ್ನು ಕೊರೆದದ್ದು ಪಾಪಪ್ರಜ್ಞೆ ಅಂದುಕೊಂಡಿರಾ? ಅಯ್ಯೋ, ಇಲ್ಲ. ಇಷ್ಟು ಸುಲಭವಾಗಿ ಬದಲಾಯಿಸಿ ಕೊಟ್ಟನಲ್ಲ, ಇದರಲ್ಲಿ ಏನು ಮಸಲತ್ತೋ ಅನ್ನುವ ಅನುಮಾನ.

ಮಸಲತ್ತೇನೂ ಇರಲಿಲ್ಲ. ಈ ಡಿಸ್ಕ್ ಕೇಬಲ್ ಚುಚ್ಚಿದ ಕೂಡಲೇ ಓಡಿತು. ಆದರೂ ಎರಡೆರಡು ಸಲ ಬಿಚ್ಚಿ ಪರೀಕ್ಷೆ ಮಾಡಿದ. "ಇದಕ್ಕೂ ಹೆಸ್ರು ಹಾಕ್ಸ್ಬುಡ್ಲಾ" ಅಂದ ಅವ್ವನಿಗೆ, "ಹೊತ್ತಾಯ್ತು ಕಣವ್ವ" ಅಂತ ಹೇಳಿ ಡಿಸ್ಕಿಗೊಂದು ಕುಂಕುಮದ ಬೊಟ್ಟಿಟ್ಟ. ಡಬ್ಬ ಮುಚ್ಚಿ ಎತ್ತಿಕೊಳ್ಳುವಷ್ಟರಲ್ಲಿ ಬೀದಿಯಲ್ಲಿ ದೀಪ ಹತ್ತಿದ್ದವು. ಬಾಗಿಲಲ್ಲಿ ಸ್ಕೂಟರ್ ಸದ್ದಾಯಿತು.

ಬಂದವನು ಸ್ಟುಡಿಯೋ ದೇವರಾಜು.

"ಇವ್ನ್ಯಾಕ್ಲಾ ತಾನಾಗೇ ಬಂದ?" ಅಂತ ಮುನಿಶಾಮಯ್ಯ ಬಾಲರಾಜುವಿನ ಕಿವಿಯಲ್ಲಿ ಪಿಸುಗುಟ್ಟಿದರು.

"ಕಾದೆ ಬಾಲಣ್ಣ, ನೀವು ಬರ್ಲಿಲ್ಲ" ಅಂದ ದೇವರಾಜು. "ಅಳಿಸೋಕೆ ಮನಸ್ಸೇ ಬರ್ಲಿಲ್ಲ. ಅವತ್ತು ಛತ್ರದಾಗೆ ಅಮ್ಮ ಉಗ್ರಾಣದ ಬಾಗಿಲಾಗೆ ಸೆರಗಲ್ಲಿ ಕಣ್ಣೊರೆಸ್ಕೊಂಡು ಕೂತಿದ್ದು ನೋಡಿದ್ದೆ. ಅದಕ್ಕೇ ನಾನೇ ಒಂದು ಡಿಸ್ಕ್ ತಗೊಂಡು, ಪೂರ್ತಿ ತುಂಬಿಸ್ಕೊಂಡು ಬಂದೆ. ದುಡ್ಡು ನಿಧಾನಕ್ಕೆ ಕೊಡಿ."

ಬಾಲರಾಜುವಿಗೆ ನಾಚಿಕೆಯಾಯಿತು. ಈ ಪುಣ್ಯಾತ್ಮನ ಮೇಲೆ ಬೆಳಿಗ್ಗೆಯಿಂದ ಅನುಮಾನ ಪಟ್ಟೆನಲ್ಲ ಅಂತ ನಿಜವಾಗಿಯೂ ಮರುಗಿದ. "ನಿಮ್ ಕಂಪ್ಯೂಟರ್‌ನಾಗೆ ಇರೋದು?"

"ಅಳಿಸ್ಬುಟ್ಟೆ. ಕನಕಪುರದ್ದಕ್ಕೆ ಜಾಗ ಬೇಕಲ್ಲ." ಮಾತಾಡುತ್ತಲೇ ದೇವರಾಜು ಕುಂಕುಮದ ಡಿಸ್ಕ್ ತೆಗೆದು ತಾನು ತಂದದ್ದನ್ನು ಚುಚ್ಚಿದ. "ತುಂಬೋವಾಗ ಒಂದೆರಡು ಸಲ ಕಟಕ್ ಅಂತು. ಹೊಸದಲ್ವಾ, ಬಿಗಿ ಇರ್ಬೇಕು."

ಬಾಲರಾಜು ಡಬ್ಬದೊಳಕ್ಕೆ ಬಗ್ಗಿ ನೋಡಿದ. "ಎಲ್ಲಿ ತಗೊಂಡ್ರಿ?"

"ಪುನೀತನ ಅಂಗಡೀಲಿ. ಇವತ್ತು ಮಧ್ಯಾಹ್ನದ ಮ್ಯಾಲೆ."

ಬೈರಮ್ಮ ಚಾಪೆಯ ಮೇಲೆ ಕೂತಾಗಿತ್ತು. ಪರದೆಯ ಮೇಲೆ ಮಂಟಪ ಬಂತು. ಹೂವಿಲ್ಲ, ಹಂಸವಿಲ್ಲ. "ಅಗೋ ನನ್ನ ಕಂದ! ಎಷ್ಟ್ ಚೆಂದಾಗವ್ಳೆ!" ಅಂದಳು ಬೈರಮ್ಮ. ಗಟ್ಟಿಮೇಳ ಮೊಳಗಿತು. ಗಂಡು ತಾಳಿ ಎತ್ತಿದ, ನವ್ಯಶ್ರೀ ತಲೆ ಬಗ್ಗಿಸಿದಳು, ತಾಳಿ ಕೊರಳ ಹತ್ತಿರ ಬಂತು.

ಕಟಕ್.

ಗಂಡಿನ ಕೈ ಅಲ್ಲೇ ನಿಂತಿತು. ಆಮೇಲೆ ಪರದೆ ಕಪ್ಪಾಯಿತು. ದೇವರಾಜು ಆರಿಸಿದ, ಹಾಕಿದ, ಕೇಬಲ್ ಕಿತ್ತು ಚುಚ್ಚಿದ. ಡಿಸ್ಕ್ ಇನ್ನು ಕಾಣಲೂ ಇಲ್ಲ. ಕೊನೆಗೆ ಅದನ್ನು ಹೊರಗೆ ತೆಗೆದು, ಅಳುಮುಖ ಮಾಡಿಕೊಂಡು ಬೈರಮ್ಮನಿಗೆ ತೋರಿಸಿದ. "ಹೋಯ್ತು ಕಣಮ್ಮ. ಎಲ್ಲಾ ಇದ್ರೊಳಗೇ ಹೋಯ್ತು."

ಬೈರಮ್ಮ ಅದನ್ನು ಕೈಗೆ ತೆಗೆದುಕೊಂಡಳು. ಕಣ್ಣು ಕಿರಿದು ಮಾಡಿದಳು.

"ಇದು ನಮ್ಮ ತಟ್ಟೆ ಸ್ಟಿಕ್ಕರ್ ಅಲ್ವೇನ್ಲಾ?"

"ಅವ್ವಾ, ಬುಡವ್ವಾ..." ಅಂತ ಬಾಲರಾಜು ಕೈ ಚಾಚುವ ಮೊದಲೇ ಅವಳು ಉಗುರಿನಿಂದ ಸ್ಟಿಕ್ಕರ್ ಕಿತ್ತಾಗಿತ್ತು. ಒಳಗಿನಿಂದ ಹೆಸರು ಫಳಫಳ ಹೊಳೆಯಿತು, ಕೊನೆಯಲ್ಲಿ ತಾವರೆ ಸಮೇತ.

ದೇವರಾಜು ಡಿಸ್ಕನ್ನೂ ಬಾಲರಾಜುವನ್ನೂ ಬದಲಿಸಿ ಬದಲಿಸಿ ನೋಡಿದ. ಮುನಿಶಾಮಯ್ಯ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗಿ ಚಪ್ಪಲಿ ಹುಡುಕತೊಡಗಿದರು. ಬಾಲರಾಜು ಮಾತ್ರ ಅವ್ವನ ಮುಖವನ್ನೇ ನೋಡುತ್ತಿದ್ದ. ಈಗ ಅಳುತ್ತಾಳೆ, ಈಗ ಬಯ್ಯುತ್ತಾಳೆ ಅಂತ ಕಾದ.

ಬೈರಮ್ಮ ಮನೆಯ ಪಾತ್ರೆಗಳ ಮೇಲೆ ಕಂಡು ಕಂಡು ಗುರುತಾಗಿದ್ದ ಆ ಅಕ್ಷರಗಳನ್ನು ಬೆರಳಿನಿಂದ ಸವರಿದಳು. "ಬೆಳಿಗ್ಗೆ ನಾನ್ ಯೋಳ್ಲಿಲ್ವೇನ್ಲಾ?" ಅಂದಳು. "ಹೆಸ್ರು ಹಾಕ್ಸಿದ್ರೆ ಎಲ್ಲಿಗೋದ್ರೂ ನಮ್ಮನೆಗೇ ವಾಪಸ್ ಬತ್ತದೆ."

ಆಮೇಲೆ ಡಿಸ್ಕನ್ನು ಸೆರಗಿನಿಂದ ಒರೆಸಿ, ಅಡುಗೆಮನೆಯ ಬೀರುವಿನಲ್ಲಿ ಚೊಂಬು ತಟ್ಟೆಗಳ ಜೊತೆಗಿಟ್ಟು, ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.