ಹುಲಿಗೇಶನ ದನಿ

ಹುಲಿಗೇಶನ ಕಷ್ಟ ಶುರುವಾದದ್ದು ಒಂದು ಕಪ್ ಚಹಾದಿಂದ. ರಾಣೆಬೆನ್ನೂರಿನಲ್ಲಿ ಅವನು ದುಡಿಯುತ್ತಿದ್ದ ಪುಟ್ಟ ಸಾಫ್ಟ್‌ವೇರ್ ಆಫೀಸಿನ ಮಾಲೀಕ ರಾಘಣ್ಣ ತಾನೇ ಚಹಾ ತಂದುಕೊಟ್ಟನೆಂದರೆ ಯಾರದೋ ನೌಕರಿಗೆ ಸಂಚಕಾರ ಬಂದಿದೆ ಎಂದೇ ಅರ್ಥ.

"ಪ್ರೋಗ್ರಾಂ ಬರಿಯಾಕ ಈಗ ಎಐ ಐತಿ ಹುಲಿಗೇಶ. ನೀ ವಾರಗಟ್ಲೆ ಬರಿಯೂದನ್ನ ಅದು ಚಹಾ ಆರೂದ್ರಾಗ ಬರದು ಒಗಿತೈತಿ. ಗಿರಾಕಿ ಜೋಡಿ ಮಾತಾಡಾಕ ಮಾತ್ರ ಅದಕ್ಕ ಇನ್ನೂ ಬರಂಗಿಲ್ಲ. ಇವತ್ತ ನೀ ಫೋನಿಗೆ ಕುಂದ್ರು, ಸಂಜಿಗೆ ನೋಡೂಣು."

ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಗಳಿಗೆ ಬಿಲ್ಲಿನ ಪ್ರೋಗ್ರಾಂ ಬರೆದವನು ಹುಲಿಗೇಶನೇ, ಆದರೆ ಮಾತಿನಲ್ಲಿ ಕಡುಜಿಪುಣ. ಮನೆಯಲ್ಲಿ ಹೆಂಡತಿ ಅಂಜಲಿ ಹತ್ತು ಮಾತಾಡಿದರೆ ಇವನದು ಒಂದು 'ಹೂಂ'.

ಪಕ್ಕದ ಝೆರಾಕ್ಸ್ ಅಂಗಡಿಯ ಶರೀಫಾಬಿ ಕಿಟಕಿಯಿಂದಲೇ ಎಲ್ಲ ಕೇಳಿಸಿಕೊಂಡಿದ್ದಳು. "ತಮ್ಮಾ, ಫೋನ್ ಎತ್ತಿದ ಕೂಡ್ಲೆ ಕೆಲಸದ ಮಾತ ತಗೀಬ್ಯಾಡ. ಮೊದ್ಲ ಉಂಡ್ರೇನು ಅಂತ ಕೇಳು. ಮಷೀನಿಗೆ ಅದೆಲ್ಲಿ ತಿಳಿಬೇಕು?"

ಮೊದಲ ಫೋನ್ ಬ್ಯಾಡಗಿಯ ದಲ್ಲಾಳಿ ಮೈಲಾರೆಪ್ಪನದು. "ಪ್ರಿಂಟರ್ ಕೆಮ್ಮಾಕತ್ತೈತಿ" ಎಂದ.

"ಆಗ್ಲಿ ಕಾಕಾ. ನೀವು ಉಂಡ್ರೇನ್ರಿ?"

ಅಷ್ಟು ಕೇಳಿದ್ದೇ ತಡ, ಮೈಲಾರೆಪ್ಪ ತನ್ನ ಮೊಣಕಾಲು ನೋವು, ಸೊಸೆಯ ಸಿಟ್ಟು ಎಲ್ಲವನ್ನೂ ಬಿಚ್ಚಿಟ್ಟ. ಪ್ರಿಂಟರಿನ ಮಾತು ಕಟ್ಟಕಡೆಗೆ ಬಂತು. "ಮೆಣಸಿನಕಾಯಿ ಧೂಳ ಹೊಕ್ಕಿರತೈತ್ರಿ, ಮೆಲ್ಲಕ ಊದ್ರಿ" ಎಂದ ಹುಲಿಗೇಶ. ಮೈಲಾರೆಪ್ಪ ಜೋರಾಗಿ ಊದಿ, ಐದು ನಿಮಿಷ ಸೀನಿ, ಕಣ್ಣೊರೆಸಿಕೊಂಡು ಆಶೀರ್ವಾದ ಮಾಡಿದ.

ಸುದ್ದಿ ಮಾರುಕಟ್ಟೆಯೆಲ್ಲ ಹಬ್ಬಿತು. ಪ್ರಿಂಟರ್ ಸರಿಯಿದ್ದವರೂ ಫೋನ್ ಹಚ್ಚತೊಡಗಿದರು. ಒಬ್ಬ ಎಮ್ಮೆ ಹಾಲು ಬತ್ತಿದ್ದನ್ನು ಹೇಳಿಕೊಂಡ, ಇನ್ನೊಬ್ಬ ಸುಮ್ಮನೆ ಅತ್ತ. ಹುಲಿಗೇಶ ತನ್ನ ಮೊಬೈಲ್ ಬಂದ್ ಮಾಡಿಟ್ಟು ಎಲ್ಲರನ್ನೂ ಸಮಾಧಾನ ಮಾಡಿದ. ನಾಲ್ಕರ ಸುಮಾರಿಗೆ ಅವನ ದನಿ ಪೂರಾ ಬಿದ್ದುಹೋಯಿತು. ಪುಣ್ಯಕ್ಕೆ ಫೋನೂ ನಿಂತಿತು.

ಸಂಜೆ ರಾಘಣ್ಣ ಕಣ್ಣು ಒದ್ದೆ ಮಾಡಿಕೊಂಡೇ ಬಂದ. "ಏನ್ ಮಾತಾಡ್ದ್ಯೋ ಮಾರಾಯ. ಎಲ್ಲಾ ರೆಕಾರ್ಡ್ ಮಾಡಿ ಎಐಗೆ ಕೇಳ್ಸೇನಿ. ಕಲ್ತಬಿಟ್ಟೈತಿ. ನಾಕರಿಂದ ಫೋನ್ ಅದೇ ಎತ್ತಾಕತ್ತೈತಿ, ದನೀನೂ ನಿಂದೇ." ಕಂಪ್ಯೂಟರಿನೊಳಗಿಂದ ಹುಲಿಗೇಶನೇ ಯಾರಿಗೋ "ಉಂಡ್ರೇನ್ರಿ?" ಎಂದ. "ನಾಳಿಂದ ನೀ..." ಎಂದ ರಾಘಣ್ಣ ಮಾತು ಮುಗಿಸಲಾರದೆ ಇನ್ನೊಂದು ಕಪ್ ಚಹಾ ತಂದುಕೊಟ್ಟ.

ನೌಕರಿ ಹೋದದ್ದನ್ನು ಹೆಂಡತಿಗೆ ಹೇಗೆ ತಿಳಿಸುವುದೆಂದು ಕೊರಗುತ್ತ ಅವನು ಮನೆ ಮುಟ್ಟಿದ. ಒಳಗೆ ಶೇಂಗಾ ಹೋಳಿಗೆಯ ವಾಸನೆ. ಅಂಜಲಿ ಬಾಗಿಲಲ್ಲೇ ನಿಂತಿದ್ದಳು.

"ನಿಮ್ಮ ಮೊಬೈಲ್ ಬಂದ್ ಇತ್ತಂತ ಐದರ ಸುಮಾರಿಗೆ ಆಫೀಸಿಗೆ ಹಚ್ಚಿದ್ದೆ. ಉಂಡ್ರೇನ್ರಿ ಅಂದ್ರಿ, ನನಗ ಬಹುವಚನ ಬ್ಯಾರೆ. ಬೆನ್ನು ನೋಯತೈತಿ ಅಂದ್ರ ಎಷ್ಟು ದಿನದಿಂದ ಅಂತ ಕೇಳಿದ್ರಿ. ಮದುವಿ ಆದಾಗಿಂದ ಒಂದಿನಾರೆ ಹಂಗ ಕೇಳಿದ್ರೇನು?" ಅವಳ ಕಣ್ಣು ತುಂಬಿ ಬಂತು. "ಇನ್ನೊಮ್ಮೆ ಕೇಳ್ರಲಾ."

ಹುಲಿಗೇಶನಿಗೆ ನಿಜವಾಗಿಯೂ ಕೇಳಬೇಕೆನಿಸಿತು. ಬಾಯಿ ತೆರೆದ. ಗಂಟಲಿನಿಂದ ಬರೀ ಗಾಳಿ ಹೊರಟಿತು.

ಅಂಜಲಿ ತುಸು ಹೊತ್ತು ಕಾದು ನಿಂತಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೊರಟಳು.

"ಇರ್ಲಿ ಬಿಡ್ರಿ. ನಾಳೆ ನೀವು ಆಫೀಸಿಗೆ ಹೋದ ಮ್ಯಾಲೆ ಫೋನ್ ಹಚ್ತೇನಿ."